ಅರಮನೆಗೂ ಬಂದ ಕೆಮ್ಮು

ಗೆಳೆಯರೇ, ಈ ಸಲ ನಾನು ನಾಲ್ವಡಿ ಕೃಷ್ಣರಾಜ ಒಡೆಯರ ಬಗ್ಗೆ ಬರೆದಿದ್ದೇನೆ. ಅವರ ಕಾಲದಾಗ ನಮ್ಮ ನಿಂಬರ್ಗಾ ನಿಜಾಮರ ರಾಜ್ಯದೊಳಗ ಇತ್ತು. ಅವರು ದೂರದ ಮೈಸೂರಿನ ಅರಸರು. ಆದರೂ ಅವರ ಬದುಕಿನ ಒಂದು ದುಃಖ ನಮ್ಮ ಮನಿಗೂ ಸಂಬಂಧಪಟ್ಟದ್ದು.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. ಹತ್ತು ವರ್ಷದ ಹುಡುಗ ಇದ್ದಾಗಲೇ, 1894ರಲ್ಲಿ, ಅವರ ತಂದೆ ಕಲಕತ್ತಾದಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ತಾಯಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯ ನೋಡಿಕೊಂಡರು. 1902ರಲ್ಲಿ ಅಧಿಕಾರ ಮಗನ ಕೈಗೆ ಬಂತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಸುರುವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಯಿತು.

ಇಷ್ಟೆಲ್ಲ ಮಾಡಿದ ಅರಸರಿಗೂ ಒಂದು ಮಾತ್ರ ಆಗಲಿಲ್ಲ. ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರಿಗೆ ಕ್ಷಯ ತಗುಲಿತು. ಆಕೆಯ ಹೆಣ್ಣುಮಕ್ಕಳಿಗೂ ತಗುಲಿತು. ರೋಗದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದಿದ್ದರು, ಆದರೆ ಕೊಲ್ಲುವ ಔಷಧ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಬೊಕ್ಕಸ ತುಂಬ ಹಣ ಇದ್ದರೂ ತಾಯಿ ಉಳಿಯಲಿಲ್ಲ, ಮಕ್ಕಳೂ ಉಳಿಯಲಿಲ್ಲ.

ಅರಸರು ಅತ್ತು ಸುಮ್ಮನೆ ಕೂಡಲಿಲ್ಲ. ಸೋದರಿಯ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯದ ಆಸ್ಪತ್ರೆ ಕಟ್ಟಿಸಿದರು. ಚಲೋ ಗಾಳಿ, ವಿಶ್ರಾಂತಿ, ಹೊಟ್ಟೆತುಂಬ ಊಟ, ಆಗ ಇದೇ ಚಿಕಿತ್ಸೆ. ಆ ಆಸ್ಪತ್ರೆ ಈಗಲೂ ಅದ. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು.

ಈಗ ನಮ್ಮ ಮನಿ ಸುದ್ದಿ. ನಮ್ಮ ಕಾಕಾ ತಿಂಗಳಾನುಗಟ್ಟಲೆ ಕೆಮ್ಮುತ್ತಿದ್ದ. ನಾಲ್ಕು ಮಂದಿ ಏನಂದಾರು ಅಂತ ಮುಚ್ಚಿಟ್ಟ. ಅವನ ಮಗಳು ಬಡಕಲಾದಳು, ಸಂಜಿಯಾದರೆ ಜ್ವರ. ದೃಷ್ಟಿ ಆಗ್ಯದ ಅಂತ ನಮ್ಮವ್ವ ಮೆಣಸಿನಕಾಯಿ ಇಳಿ ತೆಗೆದಳು. ಸಣ್ಣ ಮಕ್ಕಳಿಗೆ ಕಫ ಉಗುಳಾಕ ಬರೂದಿಲ್ಲ, ಅದಕ್ಕೇ ಅವರ ರೋಗ ತಡವಾಗಿ ತಿಳಿತದ. ಕಡೀಕ ಆಶಾ ಅಕ್ಕ ಬಂದು ಇಬ್ಬರನ್ನೂ ಆಸ್ಪತ್ರೆಗೆ ಕರಕೊಂಡು ಹೋದರು. ಇಬ್ಬರಿಗೂ ಕ್ಷಯ. ಎರಡು ತಿಂಗಳಿಗೆ ಜ್ವರ ಹೋಯಿತು, ಕಾಕಾ ಗುಳಿಗಿ ಬಿಡಾಕ ಹೋಗಿದ್ದ, ಅಕ್ಕ ಬಿಡಲಿಲ್ಲ. ಆರು ತಿಂಗಳು ಮುಗಿಸಿದರು. ಈಗ ನನ್ನ ತಂಗಿ ನನಗಿಂತ ಜೋರಾಗಿ ಓಡ್ತಾಳ.

ಅರಸರ ಮನಿಗೆ ಸಿಗದ ಔಷಧ ನಮ್ಮ ಊರ ಮಕ್ಕಳಿಗೆ ಪುಕ್ಕಟೆ ಸಿಗ್ತದ. 2024ರ ನವೆಂಬರಿನಿಂದ ಊಟಕ್ಕೆ ತಿಂಗಳಿಗೆ 1000 ರೂಪಾಯಿ ಸಹ ನಿಗದಿಯಾಗಿದೆ. ಮುಚ್ಚಿಟ್ಟರೆ ಮಾತ್ರ ಯಾವುದೂ ಸಿಗೂದಿಲ್ಲ.

ಆದ್ದರಿಂದ ಗೆಳೆಯರೇ, ಎರಡು ವಾರ ದಾಟಿದ ಕೆಮ್ಮು, ಬಿಡದ ಜ್ವರ, ಏರದ ತೂಕ ಕಂಡರೆ ಮನ್ಯಾಗ ಹೇಳಿರಿ. ದೊಡ್ಡವರು ಕೆಮ್ಮುತ್ತಿದ್ದರೂ ಹೇಳಿರಿ. ಅವರಿಂದಲೇ ಮಕ್ಕಳಿಗೆ ಬರೂದು.