ಹೆಸರು ಹೇಳಿ ಹಾಡು ಮುಗಿಸಿದ ಗಾಯಕಿ: ಗೌಹರ್ ಜಾನ್

ಎಣ್ಣೂರಿನಲ್ಲಿ ಲೋಕಲ್ ರೈಲು ಹತ್ತಿ, ಕತ್ತಿವಾಕ್ಕಂ, ತಿರುವೊತ್ತಿಯೂರುಗಳನ್ನು ದಾಟಿ ಸೆಂಟ್ರಲ್ ನಿಲ್ದಾಣದಲ್ಲಿ ಇಳಿಯುವ ನಮ್ಮ ಕನ್ನಡ ಬಂಧುಗಳಿಗೆ ಪೂನಮಲ್ಲಿ ಹೆದ್ದಾರಿಯ ಮಗ್ಗುಲಲ್ಲಿರುವ ವಿಕ್ಟೋರಿಯಾ ಸಾರ್ವಜನಿಕ ಸಭಾಭವನ ಅಪರಿಚಿತವಲ್ಲ. ಕೆಂಪು ಬಣ್ಣದ ಆ ಹಳೆಯ ಕಟ್ಟಡವನ್ನು ಕಂಡೂ ಕಾಣದಂತೆ ನಾವು ದಿನವೂ ನಡೆದುಹೋಗುತ್ತೇವೆ. 1910ರಲ್ಲಿ ಅದೇ ಭವನದಲ್ಲಿ ಉತ್ತರದೇಶದ ಗಾಯಕಿಯೊಬ್ಬಳ ಕಚೇರಿ ನಡೆಯಿತು. ಆಕೆ ಹಾಡಿದ ಹಿಂದಿ, ಉರ್ದು ಗೀತೆಗಳು ಈ ನಗರದ ಜನರಿಗೆ ಎಷ್ಟು ಮೆಚ್ಚಿಗೆಯಾದವೆಂದರೆ, ಸ್ವಲ್ಪ ಕಾಲದಲ್ಲಿಯೇ ಅವು ತಮಿಳಿನ ಸಂಗೀತ ಪುಸ್ತಕವೊಂದರಲ್ಲಿ ಅಚ್ಚಾದವು. ಆ ಗಾಯಕಿಯೇ ಗೌಹರ್ ಜಾನ್. ಹುಟ್ಟಿದ್ದು ಗಂಗೆಯ ಬಯಲಿನಲ್ಲಿ, ಕೀರ್ತಿ ಪಡೆದದ್ದು ಕಲ್ಕತ್ತೆಯಲ್ಲಿ. ಕೊನೆಯುಸಿರೆಳೆದದ್ದು ಮಾತ್ರ ನಮ್ಮ ಮೈಸೂರಿನಲ್ಲಿ. ಈ ಕಾರಣದಿಂದಲೇ ಆಕೆಯ ಜೀವನ ವೃತ್ತಾಂತವನ್ನು ಕನ್ನಡಿಗರು ತಮ್ಮ ಮನೆಯ ಕಥೆಯೆಂಬಂತೆ ತಿಳಿಯುವುದು ಉಚಿತವಾಗಿದೆ.

ಆಕೆಯ ಜನ್ಮನಾಮ ಗೌಹರ್ ಜಾನ್ ಅಲ್ಲ. 1873ರ ಜೂನ್ 26ರಂದು ಆಜಂಗಢದಲ್ಲಿ ಜನಿಸಿದ ಆ ಶಿಶುವಿಗೆ ಆಂಜೆಲಿನಾ ಯೊವರ್ಡ್ ಎಂಬ ಕ್ರೈಸ್ತ ನಾಮಧೇಯವಿತ್ತು. ತಂದೆ ರಾಬರ್ಟ್ ವಿಲಿಯಂ ಯೊವರ್ಡ್ ಆರ್ಮೇನಿಯ ಮೂಲದವನು. ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಎಂಜಿನಿಯರನಾಗಿ ದುಡಿಯುತ್ತಿದ್ದವನು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್ ಆಂಗ್ಲ ತಂದೆಗೂ ಭಾರತೀಯ ತಾಯಿಗೂ ಹುಟ್ಟಿ, ಇಲ್ಲಿಯ ಸಂಗೀತ ನೃತ್ಯಗಳನ್ನು ಕಲಿತವಳು. 1872ರಲ್ಲಿ ನಡೆದ ಆ ವಿವಾಹ 1879ರಲ್ಲಿ ಮುರಿದುಬಿದ್ದಿತು. ಆರು ವರ್ಷದ ಮಗಳನ್ನು ಮಡಿಲಲ್ಲಿಟ್ಟುಕೊಂಡು, ಆಸರೆಯಿಲ್ಲದೆ ನಿಂತ ಆ ತಾಯಿಗೆ ತನ್ನ ವಿದ್ಯೆಯೊಂದೇ ಆಧಾರವಾಯಿತು. ಖುರ್ಷೀದ್ ಎಂಬ ಮುಸಲ್ಮಾನ ಗೃಹಸ್ಥನ ನೆರವಿನಿಂದ ಆಕೆ 1881ರಲ್ಲಿ ಕಾಶಿಗೆ ಬಂದು, ಇಸ್ಲಾಂ ಮತವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರನ್ನು ತಳೆದಳು. ಮಗಳು ಗೌಹರ್ ಆದಳು. ಗೌಹರ್ ಎಂದರೆ ರತ್ನ. ಹೀಗೆ ಹತ್ತು ವರ್ಷ ತುಂಬುವ ಮುನ್ನವೇ ಆ ಬಾಲಿಕೆಗೆ ಊರು, ಮತ, ಹೆಸರು ಮೂರೂ ಬದಲಾಗಿದ್ದವು.

ಕಾಶಿಯಲ್ಲಿ ಮಲ್ಕಾ ಜಾನ್ ಗಾಯಕಿಯಾಗಿಯೂ ನರ್ತಕಿಯಾಗಿಯೂ ಹೆಸರು ಮಾಡಿದಳು. 1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಹೊರಟರು. ಆ ಕಾಲದಲ್ಲಿ ಅವಧದ ಪದಚ್ಯುತ ನವಾಬ ವಾಜಿದ್ ಅಲಿ ಷಾ ಕಲ್ಕತ್ತೆಯ ಸಮೀಪದ ಮಟಿಯಾಬುರ್ಜಿನಲ್ಲಿ ನೆಲೆಸಿ, ಕಳೆದುಕೊಂಡ ಲಖನೌ ನಗರವನ್ನು ಸಂಗೀತದ ಮೂಲಕ ಅಲ್ಲಿಯೇ ಮತ್ತೆ ಕಟ್ಟಿಕೊಂಡಿದ್ದನು. ಆ ಆಸ್ಥಾನದಲ್ಲಿ ಮಲ್ಕಾ ಜಾನಳಿಗೆ ಮನ್ನಣೆ ದೊರೆಯಿತು. ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆಯಾಯಿತು. 1886ರಲ್ಲಿ ಆಕೆಯ ಉರ್ದು ಕವಿತೆಗಳ ಸಂಗ್ರಹವೂ ಅಚ್ಚಾಯಿತು. ಮಗಳ ವಿದ್ಯಾಭ್ಯಾಸಕ್ಕೆ ಆಕೆ ಯಾವ ಕೊರತೆಯನ್ನೂ ಮಾಡಲಿಲ್ಲ. ಪಟಿಯಾಲಾದ ಉಸ್ತಾದರಲ್ಲಿ ಹಿಂದುಸ್ತಾನಿ ಗಾಯನ, ಲಖನೌ ಸಂಪ್ರದಾಯದ ಬಿಂದಾದೀನ್ ಮಹಾರಾಜರಲ್ಲಿ ಕಥಕ್ ನೃತ್ಯ, ಚರಣದಾಸರಲ್ಲಿ ಬಂಗಾಳಿ ಕೀರ್ತನೆ, ಹೀಗೆ ಬಹು ಮುಖವಾಗಿ ಶಿಕ್ಷಣ ನಡೆಯಿತು. 1887ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಗೌಹರ್ ದರ್ಭಂಗಾ ಸಂಸ್ಥಾನದ ದರ್ಬಾರಿನಲ್ಲಿ ಮೊದಲ ಬಾರಿಗೆ ಹಾಡಿ ಅಲ್ಲಿಯ ಆಸ್ಥಾನ ಗಾಯಕಿಯಾದಳು.

ಗೌಹರ್ ಜಾನ್ ಇಷ್ಟಕ್ಕೇ ನಿಂತಿದ್ದರೆ ಅಂದಿನ ಇತರ ಪ್ರಸಿದ್ಧ ಗಾಯಕಿಯರಂತೆ ಕೇಳಿದವರ ನೆನಪಿನಲ್ಲಿ ಕೆಲಕಾಲ ಉಳಿದು, ಆಮೇಲೆ ಅಳಿದುಹೋಗುತ್ತಿದ್ದಳು. ಆಕೆಯ ಭಾಗ್ಯವನ್ನು ಬದಲಿಸಿದ್ದು ಒಂದು ಯಂತ್ರ. 1902ರ ಏಪ್ರಿಲ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಹೋಟೆಲೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣ ತಜ್ಞ, ಎನ್ರಿಕೊ ಕರುಸೊ ಎಂಬ ತರುಣ ಗಾಯಕನ ಹತ್ತು ಹಾಡುಗಳನ್ನು 100 ಪೌಂಡುಗಳಿಗೆ ಮುದ್ರಿಸಿಕೊಂಡನು. ಯೂರೋಪಿನ ಗಾಯಕನೊಬ್ಬನ ಕಂಠ ಜಗತ್ತಿನ ಮನೆಮನೆಗೆ ಹರಡುವುದಕ್ಕೆ ಅದು ನಾಂದಿಯಾಯಿತು. ಅದೇ ಗೈಸ್‌ಬರ್ಗ್ ಅದೇ ವರ್ಷ ತನ್ನ ಯಂತ್ರಗಳನ್ನು ಹಡಗಿಗೇರಿಸಿಕೊಂಡು ಪೂರ್ವದೇಶಗಳತ್ತ ಹೊರಟು, ಕಲ್ಕತ್ತೆಗೆ ಬಂದಿಳಿದನು. ಹೋಟೆಲಿನ ಎರಡು ಕೋಣೆಗಳೇ ಅಲ್ಲಿ ಆತನ ಮುದ್ರಣಶಾಲೆಯಾದವು. ನವೆಂಬರಿನಲ್ಲಿ ಮೊದಲಿಗೆ ನಾಟಕ ಕಂಪೆನಿಯ ಇಬ್ಬರು ತರುಣಿಯರ ಹಾಡುಗಳು ಮುದ್ರಿತವಾದವು. ಕೆಲವೇ ದಿನಗಳ ಅನಂತರ, ಒಡವೆ ವಸ್ತ್ರಗಳಿಂದ ಅಲಂಕೃತಳಾಗಿ, ಪಕ್ಕವಾದ್ಯದವರೊಡನೆ ಗೌಹರ್ ಜಾನ್ ಅಲ್ಲಿಗೆ ಆಗಮಿಸಿದಳು.

ಅಂದಿನ ಧ್ವನಿಮುದ್ರಣ ಸುಲಭದ ಕಾರ್ಯವಾಗಿರಲಿಲ್ಲ. ಮೈಕ್ರೋಫೋನ್ ಇಲ್ಲದ ಕಾಲವದು. ವಿದ್ಯುತ್ತಿನಿಂದ ಧ್ವನಿಯನ್ನು ಗ್ರಹಿಸುವ ವಿಧಾನ 1925ರವರೆಗೂ ಬಳಕೆಗೆ ಬರಲಿಲ್ಲ. ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವನ್ನು ಹತ್ತಿರ ಹಿಡಿದು, ಕತ್ತು ಅಲುಗಿಸದೆ, ಗಟ್ಟಿಯಾದ ಕಂಠದಲ್ಲಿ ಹಾಡಬೇಕಾಗಿತ್ತು. ಆ ಧ್ವನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತಿತ್ತು. ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುವ ಸಂಪ್ರದಾಯದ ಉಸ್ತಾದರಿಗೆ ಇದು ಅಪಚಾರವಾಗಿ ತೋರಿತು. ಗೌಹರ್ ಜಾನ್ ಮಾತ್ರ ಆ ಇಕ್ಕಟ್ಟಿನಲ್ಲಿಯೇ ಒಂದು ಹೊಸ ದಾರಿಯನ್ನು ಕಂಡಳು. ಆಲಾಪವನ್ನು ಒಂದೆರಡು ಸುತ್ತಿಗೆ ಇಳಿಸಿ, ಸಾಹಿತ್ಯವನ್ನು ಸ್ಪಷ್ಟವಾಗಿ ನುಡಿದು, ತಾನಗಳನ್ನು ಮಿಂಚಿನಂತೆ ಹಾಯಿಸಿ, ರಾಗದ ಜೀವ ಕೆಡದಂತೆ ಮೂರು ನಿಮಿಷದಲ್ಲಿ ಹಾಡನ್ನು ಮುಗಿಸುವ ಕಲೆ ಆಕೆಗೆ ಸಿದ್ಧಿಸಿತು. ಇಂದು ನಾವು ಕೇಳುವ ಚಿತ್ರಗೀತೆ, ಭಾವಗೀತೆಗಳೂ ಹೆಚ್ಚು ಕಡಮೆ ಇದೇ ಅಳತೆಯವು ಎಂಬುದನ್ನು ಗಮನಿಸಿದರೆ, ಆಕೆ ತುಳಿದ ಹಾದಿಯ ಮಹತ್ವ ಅರಿವಾಗುತ್ತದೆ.

ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದಳು. ಇದು ಗರ್ವದ ನುಡಿಯೆಂದು ಭಾವಿಸಿದವರುಂಟು. ಕಾರಣ ಬೇರೆ. ಇಲ್ಲಿ ಕೊರೆದ ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಅಲ್ಲಿ ಅರಗಿನ ತಟ್ಟೆಗಳಾಗಿ ಅಚ್ಚೊತ್ತಿಸಿಕೊಂಡು ಮರುವರ್ಷ ನಮ್ಮ ದೇಶಕ್ಕೆ ಮರಳಿದವು. ನಮ್ಮ ಭಾಷೆಯನ್ನೇ ಅರಿಯದ ಆ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಈ ಗುರುತು ಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾಗುವವರೆಗೂ ನಮ್ಮವರ ಹಾಡು ಕಡಲು ದಾಟಿ ಹೋಗಿ ಬರಬೇಕಾಗಿತ್ತು. ಎರಡು ಮೂರು ಹೆಸರುಗಳನ್ನು ಬಾಲ್ಯದಲ್ಲಿಯೇ ಕಂಡಿದ್ದ ಆ ಹೆಣ್ಣು, ತಾನು ಗೆದ್ದುಕೊಂಡ ಹೆಸರೊಂದನ್ನು ತನ್ನ ಬಾಯಿಂದಲೇ ಹೀಗೆ ತಟ್ಟೆಯ ಮೇಲೆ ಕೊರೆಯಿಸಿದಳು.

1902ರಿಂದ 1920ರವರೆಗಿನ ಅವಧಿಯಲ್ಲಿ ಆಕೆಯ ಸುಮಾರು 600 ಹಾಡುಗಳು, ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮುದ್ರಿತವಾದುವೆಂದು ಲೆಕ್ಕ ಹಾಕಿದ್ದಾರೆ. ಖ್ಯಾಲ್, ಠುಮ್ರಿ, ದಾದ್ರಾ, ಕಜರಿ, ಭಜನೆ ಯಾವುದನ್ನೂ ಆಕೆ ಬಿಡಲಿಲ್ಲ. ಕೋಠಿಯ ಮೆಟ್ಟಿಲನ್ನು ಎಂದೂ ಹತ್ತದ ಸಂಸಾರವಂತರೂ, ಹೊರಗೆ ಕಾಲಿಡದ ಅಂತಃಪುರದ ಸ್ತ್ರೀಯರೂ ತಮ್ಮ ಮನೆಯಲ್ಲಿಯೇ ಆಕೆಯ ಗಾಯನವನ್ನು ಕೇಳಿದರು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೆ ಆಕೆಯ ಚಿತ್ರ ಬಂದಿತು. ಅಂಚೆಕಾರ್ಡುಗಳಲ್ಲಿ ಆಕೆಯ ಭಾವಚಿತ್ರ ಮಾರಾಟವಾಯಿತು. ನಿಯಮಕ್ಕೆ ವಿರುದ್ಧವಾಗಿ ನಾಲ್ಕು ಕುದುರೆಯ ಸಾರೋಟಿನಲ್ಲಿ ಸಂಚರಿಸಿ, ಅದಕ್ಕಾಗಿ ಸಾವಿರ ರೂಪಾಯಿ ದಂಡ ತೆತ್ತಳೆಂಬ ದಂತಕಥೆಯೂ ಹುಟ್ಟಿಕೊಂಡಿತು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿಬಾಯಿಯೊಡನೆ ಹಾಡುವ ಗೌರವವೂ ಆಕೆಗೆ ಲಭಿಸಿತು.

ಆಕೆಯ ಸ್ವಾಭಿಮಾನವನ್ನು ತೋರಿಸುವ ಇನ್ನೊಂದು ಪ್ರಸಂಗವನ್ನು ಹೇಳುವುದುಂಟು. 1920ರ ಸುಮಾರಿಗೆ ಮಹಾತ್ಮಾ ಗಾಂಧಿಯವರು ಸ್ವರಾಜ್ಯ ನಿಧಿಗೆ ನೆರವಾಗಬೇಕೆಂದು ಆಕೆಯನ್ನು ಕೋರಿದರಂತೆ. ಮಹಾತ್ಮರು ಸ್ವತಃ ಕಚೇರಿಗೆ ಬರಬೇಕೆಂಬ ಕರಾರಿನ ಮೇಲೆ ಆಕೆ ಒಪ್ಪಿದಳು. ಅವರಿಗೆ ಬರಲಾಗಲಿಲ್ಲ. ಕೂಡಿದ ಹಣದಲ್ಲಿ ಅರ್ಧವನ್ನು ಮಾತ್ರ ಆಕೆ ನಿಧಿಗೆ ಕೊಟ್ಟು, ಅರ್ಧ ಮಾತು ನಡೆದುದಕ್ಕೆ ಅರ್ಧ ಕಾಣಿಕೆಯೆಂದು ತಿಳಿಸಿದಳಂತೆ. ಸಮಾಜ ಕೀಳಾಗಿ ಕಂಡ ವೃತ್ತಿಯವಳಾದರೂ, ಕೊಟ್ಟ ಮಾತು ತನ್ನ ವಿಷಯದಲ್ಲಿಯೂ ನಡೆಯಬೇಕೆಂದು ಆಕೆ ನಿರೀಕ್ಷಿಸಿದಳು.

ಆದರೆ ಸಂಪತ್ತು ಬಂದಷ್ಟು ಸುಖ ಬರಲಿಲ್ಲ. 1906ರಲ್ಲಿ ತಾಯಿ ತೀರಿಕೊಂಡಳು. ಮುಂಬಯಿಯಲ್ಲಿ ಆಕೆ ಮನಸಾರೆ ಪ್ರೀತಿಸಿದ ಗುಜರಾತಿ ನಟ ಅಮೃತ ಕೇಶವ ನಾಯಕ್ 1907ರಲ್ಲಿ ಮೂವತ್ತರ ಹರೆಯದಲ್ಲಿಯೇ ಹಠಾತ್ತಾಗಿ ನಿಧನ ಹೊಂದಿದನು. ಮನೆಯಲ್ಲಿ ಬೆಳೆದ ಸೇವಕಿಯ ಮಗನೊಬ್ಬ ಮಲ್ಕಾ ಜಾನಳ ಆಸ್ತಿಗೆ ತಾನೇ ವಾರಸುದಾರನೆಂದು ನ್ಯಾಯಾಲಯಕ್ಕೆ ಹೋದನು. ದೇಶವೆಲ್ಲ ಅರಿತಿದ್ದ ಗಾಯಕಿ ತಾನು ಯಾರ ಮಗಳೆಂಬುದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕಾಯಿತು. ಬಾಲ್ಯದಲ್ಲಿ ಬಿಟ್ಟುಹೋಗಿದ್ದ ತಂದೆಯನ್ನು ಹುಡುಕಿಸಿ, ಆತನಿಂದಲೇ ಸಾಕ್ಷಿ ನುಡಿಸಿ ಆಕೆ ಆ ವ್ಯಾಜ್ಯವನ್ನು ಗೆದ್ದಳು. ಮುಂದೆ ತನಗಿಂತ ಕಿರಿಯನಾದ ತನ್ನ ಕಾರ್ಯದರ್ಶಿಯನ್ನೇ ವಿವಾಹವಾದಳು. ಆ ಸಂಬಂಧವೂ ಮುರಿದು ಮತ್ತೊಂದು ದೀರ್ಘ ವ್ಯಾಜ್ಯವಾಯಿತು. ವಕೀಲರ ಶುಲ್ಕಕ್ಕೂ ನಂಬಿದವರ ಮೋಸಕ್ಕೂ ಐಶ್ವರ್ಯ ಕರಗಿತು. ಕಲ್ಕತ್ತೆಯನ್ನು ಬಿಟ್ಟು ಡಾರ್ಜಿಲಿಂಗ್, ಮುಂಬಯಿ ಎಂದು ಆಕೆ ನೆಲೆಯಿಲ್ಲದೆ ಅಲೆದಳು.

ಆಗ ಆಶ್ರಯ ನೀಡಿದುದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು. ಕರ್ನಾಟಕ, ಹಿಂದುಸ್ತಾನಿ, ಪಾಶ್ಚಾತ್ಯ ಎಂಬ ಭೇದವಿಲ್ಲದೆ ವಿದ್ವಾಂಸರನ್ನು ಮನ್ನಿಸಿದವರು. ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರಂಥವರಿಂದ ಆ ಆಸ್ಥಾನ ಶೋಭಿಸುತ್ತಿದ್ದ ದಿನಗಳವು. 1928ರ ಆಗಸ್ಟ್ 1ರಂದು ಗೌಹರ್ ಜಾನಳನ್ನು ತಿಂಗಳಿಗೆ 500 ರೂಪಾಯಿ ವೇತನದ ಮೇಲೆ ಅರಮನೆಯ ಗಾಯಕಿಯನ್ನಾಗಿ ನೇಮಿಸಲಾಯಿತು. ವಾಸಕ್ಕೆ ದಿಲ್‌ಕುಷ್ ಕಾಟೇಜ್ ಎಂಬ ಮನೆ ದೊರೆಯಿತು. ಮಹಾರಾಜರು ಆಕೆಗೆ ಕೊಟ್ಟದ್ದು ಭಿಕ್ಷೆಯಲ್ಲ, ಹುದ್ದೆ ಎಂಬುದನ್ನು ನಾವು ಗಮನಿಸಬೇಕು. ಆರ್ಮೇನಿಯದ ತಂದೆ, ಕಾಶಿಯ ಬಾಲ್ಯ, ಕಲ್ಕತ್ತೆಯ ವೈಭವಗಳ ಆ ಹೆಣ್ಣನ್ನು ಎಲ್ಲಿಯವಳೆಂದು ಕೇಳದೆ, ವಿದ್ಯೆಯನ್ನು ನೋಡಿ ಕರೆದುಕೊಂಡದ್ದು ಕನ್ನಡನಾಡಿನ ಹಿರಿಮೆ.

ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಒಂದೂವರೆ ವರ್ಷವೂ ತುಂಬುವ ಮೊದಲೇ ಆಕೆ ಕಾಯಿಲೆ ಬಿದ್ದು, 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮರಣ ಹೊಂದಿದಳು. ಆಗ ಆಕೆಗೆ ಐವತ್ತಾರು ವರ್ಷ. ಹತ್ತಿರದ ಬಂಧುಗಳೆನ್ನುವವರು ಆಕೆಗಿರಲಿಲ್ಲ.

ಆಕೆಯ ಸಮಕಾಲೀನಳಾದ ಇನ್ನೊಬ್ಬ ಕಲಾವಿದೆಯ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮ ಮೈಸೂರು ಸೀಮೆಯಿಂದ ಈ ಮದರಾಸಿಗೆ ವಲಸೆ ಬಂದು, ಹಾಡಿ ಗಳಿಸಿದ ಹಣದಿಂದ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ಆ ಸನ್ನಿಧಿಯ ಹತ್ತಿರದಲ್ಲಿಯೇ ಇದೆ. ಪ್ರತಿವರ್ಷ ಆರಾಧನೆಗೆ ಹೋದವರು ಅದನ್ನು ಕಂಡು ಕೈಮುಗಿಯುತ್ತಾರೆ. ಒಬ್ಬಳು ಮೈಸೂರಿನಿಂದ ಹೊರಟು ಪರನಾಡಿನಲ್ಲಿ ಬೇರೂರಿದಳು. ಇನ್ನೊಬ್ಬಳು ಊರೂರು ಅಲೆದು ಕೊನೆಗೆ ಮೈಸೂರಿನ ಮಣ್ಣನ್ನು ಸೇರಿದಳು. ನಾಗರತ್ನಮ್ಮನ ಗಳಿಕೆ ಕಲ್ಲಿನಲ್ಲಿ ನಿಂತಿತು. ಗೌಹರ್ ಜಾನಳ ಗಳಿಕೆ ಮನುಷ್ಯರನ್ನು ನಂಬಿ ಕರಗಿತು.

ಆದರೂ ಆಕೆ ಸಂಪೂರ್ಣವಾಗಿ ಸೋತಳೆಂದು ಹೇಳಲಾಗದು. ಮೈಸೂರಿನ ಹಳೆಯ ಕಡತಗಳಲ್ಲಿ ಅಡಗಿದ್ದ ಆಕೆಯ ಕೊನೆಯ ದಿನಗಳ ಕಾಗದಪತ್ರಗಳನ್ನು ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಅವರು ಶೋಧಿಸಿ, 2010ರಲ್ಲಿ ಆಕೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು. ಸವೆದ ಅರಗಿನ ತಟ್ಟೆಗಳಿಂದ ಆಕೆಯ ಹಾಡುಗಳನ್ನು ಹೊಸ ಸಾಧನಗಳಿಗೆ ಇಳಿಸಿಕೊಂಡು ಈಗಲೂ ಜನ ಕೇಳುತ್ತಾರೆ. ಕರಕರ ಸದ್ದಿನ ನಡುವೆ ಹಾಡು ಮುಗಿಯುತ್ತದೆ. ಆಮೇಲೆ, ನೂರಿಪ್ಪತ್ತು ವರ್ಷಗಳ ಆಚೆಯಿಂದ ಒಂದು ಹೆಣ್ಣಿನ ಧ್ವನಿ ತನ್ನ ಹೆಸರನ್ನು ತುಂಟತನದಿಂದ ಕೂಗಿ ಹೇಳುತ್ತದೆ. ಮನೆ, ಹಣ, ಬಂಧುಗಳು ಯಾವುದೂ ಆಕೆಯ ಪಾಲಿಗೆ ಉಳಿಯಲಿಲ್ಲ. ಹೆಸರೊಂದು ಉಳಿಯಿತು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಈ ಕಥೆ ದೂರದ್ದಲ್ಲ. ನಾವು ಬಂದ ಊರು ನಮ್ಮ ಹೆಸರನ್ನು ಬೇರೆ ರೀತಿಯಲ್ಲಿ ಉಚ್ಚರಿಸಬಹುದು, ಬೇರೆ ಅಕ್ಷರಗಳಲ್ಲಿ ಬರೆದುಕೊಳ್ಳಬಹುದು. ಮಾಡುವ ಕೆಲಸವನ್ನು ಚೆನ್ನಾಗಿ ಮಾಡಿ, ಅದರ ಕೊನೆಯಲ್ಲಿ ನಮ್ಮ ಹೆಸರನ್ನು ಸಂಕೋಚವಿಲ್ಲದೆ ನುಡಿಯುವುದನ್ನು ಗೌಹರ್ ಜಾನ್ ತೋರಿಸಿಕೊಟ್ಟಿದ್ದಾಳೆ. ಇನ್ನೊಮ್ಮೆ ಸೆಂಟ್ರಲ್ ನಿಲ್ದಾಣದಿಂದ ಹೊರಬಂದಾಗ, ಆ ಕೆಂಪು ಭವನದ ಮುಂದೆ ಒಂದು ನಿಮಿಷ ನಿಂತು ಆಕೆಯನ್ನು ನೆನೆಯೋಣ. ಎಣ್ಣೂರಿಗೆ ಹಿಂದಿರುಗುವ ರೈಲು ಇನ್ನೊಂದು ಇದ್ದೇ ಇರುತ್ತದೆ.