ಕಿಟ್ಟೆಲ್ ಅವರು ಮತ್ತು ಕನ್ನಡದ ಲಘು–ಗುರು

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಎಂದೊಡನೆ ನೆನಪಾಗುವುದು ನಿಘಂಟು. ಆ ನಿಘಂಟಿನ ಹಿಂದೆ ಅಕ್ಷರಗಳನ್ನು ಬಿಡಿಸಿ ಮಾತ್ರೆಗಳನ್ನು ಎಣಿಸಿದ ದೀರ್ಘ ಅಭ್ಯಾಸವೂ ಇತ್ತು.

ಉತ್ತರ ಜರ್ಮನಿಯ ಕರಾವಳಿ ಪ್ರದೇಶದಲ್ಲಿ 1832ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಅವರು, ಬಾಸೆಲ್ ಮಿಶನ್ನಿನ ಧರ್ಮಪ್ರಚಾರಕರಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದರು. ಜರ್ಮನ್ ಪದ್ಯದ ಲಯಕ್ಕೆ ಆಧಾರ ಬಲಾಘಾತ. ಪದದ ಯಾವ ಅಕ್ಷರವನ್ನು ಒತ್ತಿ ನುಡಿಯಬೇಕೆಂಬುದೇ ಅಲ್ಲಿ ಮುಖ್ಯ. ಕನ್ನಡ ಪದ್ಯಕ್ಕೆ ಆಧಾರ ಉಚ್ಚಾರಣೆಯ ಕಾಲ. ‘ಬರೆದರು’ ಎಂಬ ಕ್ರಿಯಾಪದದ ನಾಲ್ಕು ಅಕ್ಷರಗಳೂ ಲಘು. ಆದ್ದರಿಂದ ನಾಲ್ಕು ಮಾತ್ರೆ. ‘ಹೇಳುತ್ತಾನೆ’ ಎಂಬುದರಲ್ಲಿಯೂ ಅಕ್ಷರಗಳು ನಾಲ್ಕೇ. ಆದರೆ ಹ್ರಸ್ವವಾದ ‘ಳು’ ಸಹ ಮುಂದಿನ ಒತ್ತಕ್ಷರದ ಕಾರಣ ಗುರುವಾಗಿ, ಮಾತ್ರೆಗಳು ಏಳಾಗುತ್ತವೆ. ಈ ಭೇದವನ್ನು ಅರಿಯಲು ಕಿಟ್ಟೆಲ್ ಅವರು ತಮ್ಮ ಕಿವಿಯನ್ನೇ ಹೊಸದಾಗಿ ತಿದ್ದಿಕೊಳ್ಳಬೇಕಾಯಿತು. 1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಚರಿತೆಯನ್ನು ಕನ್ನಡ ಪದ್ಯದಲ್ಲಿ ನಿರೂಪಿಸಿದರು.

ಅನಂತರ ಅವರು ಹಳೆಯ ಶಾಸ್ತ್ರಗ್ರಂಥಗಳತ್ತ ತಿರುಗಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿಯೂ ಅವರ ಸಂಪಾದಕತ್ವದಲ್ಲಿ ಮಂಗಳೂರಿನಿಂದ ಹೊರಬಂದವು. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಪಾದಗಳೂ ಬೇರೆ ಬೇರೆ ಸಾಲಾಗಿ ನಿಲ್ಲುವುದಿಲ್ಲ. ಕೇಶಿರಾಜನ ಸೂತ್ರಗಳು ಕಂದಪದ್ಯದಲ್ಲಿವೆ. ಕಂದದ ಒಂದನೆಯ ಮತ್ತು ಮೂರನೆಯ ಪಾದಗಳಿಗೆ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20 ಮಾತ್ರೆಗಳಿರಬೇಕು. ಒಂದು ಮಾತ್ರೆ ಕಡಿಮೆಯಾದರೆ ಲಿಪಿಕಾರನ ಕೈತಪ್ಪಿರಬಹುದೆಂಬ ಸುಳಿವು ದೊರೆಯುತ್ತದೆ. ಹೀಗೆ ಪ್ರಸ್ತಾರ ಹಾಕುವುದು ಸಂಪಾದಕನಿಗೆ ಪಾಠಶುದ್ಧಿಯ ಸಾಧನವೇ ಆಗಿದೆ.

ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣ ಗ್ರಂಥವು ಅಚ್ಚಾದ 1903ರಲ್ಲಿಯೇ, ಡಿಸೆಂಬರ್ ತಿಂಗಳಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ನಿಧನರಾದರು. ಮತಪ್ರಚಾರಕ್ಕೆಂದು ಬಂದವರನ್ನು ಕನ್ನಡಿಗರು ಇಂದು ಸ್ಮರಿಸುವುದು ಭಾಷೆಯ ಸೇವೆಗಾಗಿ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ವಿದ್ಯಾರ್ಥಿಯ ಕಿವಿಗೆ ತೆಲುಗು, ಮರಾಠಿ, ಉರ್ದುಗಳೂ ದಿನನಿತ್ಯ ಬೀಳುತ್ತವೆ. ಅದು ಕೊರತೆಯಲ್ಲ. ಲಘು–ಗುರುಗಳ ಲೆಕ್ಕವಾಗಲಿ ಕಂದಪದ್ಯವಾಗಲಿ ತೆಲುಗಿಗೂ ಸೇರಿದ್ದು. ಛಂದೋಂಬುಧಿಯನ್ನು ರಚಿಸಿದ ನಾಗವರ್ಮನ ಮನೆತನದ ಮೂಲವೂ ವೆಂಗಿನಾಡು. ಸಂಪೂರ್ಣ ಪರಕೀಯವಾದ ಕಿವಿಯಿಂದ ಆರಂಭಿಸಿದವರು ಇಷ್ಟು ದೂರ ಸಾಗಿದ್ದರೆ, ಗಡಿನಾಡಿನ ವಿದ್ಯಾರ್ಥಿಗೆ ಪ್ರಸ್ತಾರವು ಅಂಜಿಕೆಯ ವಿಷಯವಾಗಬೇಕಿಲ್ಲ.