ಒಂದೇ ಲಯ, ಹಲವು ಕಂಠ: ಶಿಶುನಾಳ ಷರೀಫರ ಬದುಕು

ಜಮೈಕಾದ ರೆಗೆ ಸಂಗೀತದಲ್ಲೊಂದು ಪದ್ಧತಿಯಿದೆ. ವಾದ್ಯಗಳ ಒಂದೇ ಹಿಮ್ಮೇಳವನ್ನು ಸಿದ್ಧಪಡಿಸಿಕೊಂಡು, ಅದರ ಮೇಲೆ ಹತ್ತಾರು ಗಾಯಕರು ತಂತಮ್ಮ ಹಾಡು ಕಟ್ಟುತ್ತಾರೆ. ಇಂಥ ಹಾಡುಗಳು ಸೇರಿ ಒಂದು ಸಂಕಲನವಾಗುತ್ತದೆ. ಈ ಹಿಮ್ಮೇಳಕ್ಕೆ ಅವರು 'ರಿಡಿಂ' ಎನ್ನುತ್ತಾರೆ. ಒಂದೇ ಮಟ್ಟಿನಲ್ಲಿ ಹಲವು ಪದ ಹಾಡುವುದು ನಮ್ಮ ಭಜನಾ ಮೇಳಗಳಿಗೂ ಹೊಸತಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಅಂಥ ಪದಗಳ ಮಾತು ಬಂದಾಗ ಮೊದಲು ನೆನಪಾಗುವವರು ಶಿಶುನಾಳ ಷರೀಫರು.

ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಮರುವರ್ಷ, 1819ರಲ್ಲಿ, ಇಂದಿನ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಷರೀಫರು ಜನಿಸಿದರು. ತಂದೆ ಇಮಾಮ್ ಸಾಹೇಬ, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಷಾ ವಲಿಯವರ ಕೃಪೆಯಿಂದ ಹುಟ್ಟಿದ ಮಗ ಎಂಬುದು ಜನರ ನಂಬಿಕೆ. ಬಾಲ್ಯದಲ್ಲಿಯೇ ರಾಮಾಯಣ, ಮಹಾಭಾರತ, ಶರಣರ ವಚನಗಳ ಪರಿಚಯವಾಯಿತು. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿ ದುಡಿದರು.

ಅವರ ಬದುಕಿನ ದಾರಿ ಬದಲಾದದ್ದು ಕಳಸದ ಗೋವಿಂದ ಭಟ್ಟರಿಂದ. ಬ್ರಾಹ್ಮಣ ಗುರು ಮುಸ್ಲಿಂ ಶಿಷ್ಯನನ್ನು ಸ್ವೀಕರಿಸಿದ್ದು ಎರಡೂ ಕಡೆಯವರಿಗೆ ಸಹ್ಯವಾಗಲಿಲ್ಲ. ಭಟ್ಟರು ಸ್ವಜಾತಿಯವರ ಕೋಪಕ್ಕೆ ಗುರಿಯಾದರು. ಷರೀಫರೂ ತಮ್ಮವರ ನಿಂದೆ ಕೇಳಿದರು. ಗುರು ಶಿಷ್ಯನಿಗೆ ಜನಿವಾರ ಹಾಕಿದರೆಂದು ಪ್ರತೀತಿ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ.

ಪತ್ನಿ ಫಾತಿಮಾ ಬೇಗನೆ ತೀರಿಕೊಂಡರು. ಬಡತನವೂ ಬೆನ್ನು ಬಿಡಲಿಲ್ಲ. ಅವರ ಪದಗಳಲ್ಲಿ ಕಾಣುವ ಸೋರುವ ಮನೆ, ನೇಯುವ ಮಗ್ಗ, ಹೊಸದಾಗಿ ಬಂದ ಗಿರಣಿ ಎಲ್ಲವೂ ಸುತ್ತಲಿನ ಜನರ ದಿನನಿತ್ಯದ ವಸ್ತುಗಳೇ. ಅವುಗಳಲ್ಲಿಯೇ ಅವರು ದೇಹ, ಮನಸ್ಸು, ಮೋಕ್ಷದ ಅರ್ಥ ಕಂಡರು. ಓದು ಬಾರದ ರೈತನಿಗೂ ಹಾಡಿನ ಮೇಲ್ಮೈ ತಿಳಿಯುತ್ತಿತ್ತು. ಒಳಗುಟ್ಟನ್ನು ಬಿಡಿಸುವ ಕೆಲಸ ಕೇಳುಗನಿಗೇ ಉಳಿಯುತ್ತಿತ್ತು.

1889ರಲ್ಲಿ ಷರೀಫರು ದೇಹ ಬಿಟ್ಟಾಗ ಹಿಂದೂ, ಮುಸ್ಲಿಂ ಎರಡೂ ವಿಧಿಗಳಂತೆ ಅಂತ್ಯಕ್ರಿಯೆ ನಡೆಯಿತೆಂದು ಹೇಳುತ್ತಾರೆ. ಜೀವಿತಕಾಲದಲ್ಲಿ ದೂರ ಸರಿದಿದ್ದವರ ನಡುವೆಯೇ ಹೀಗೆ ಅವರಿಗೆ ಜಾಗ ದೊರೆಯಿತು. ಶಿಶುನಾಳದ ಗದ್ದುಗೆಗೆ ಉಭಯ ಧರ್ಮೀಯರೂ ನಡೆದುಕೊಳ್ಳುತ್ತಾರೆ.

ಬಾಯಿಂದ ಬಾಯಿಗೆ ಬಂದ ಪದಗಳು ಮುಂದೆ ಪುಸ್ತಕವಾದವು. ಸಿ. ಅಶ್ವಥ್ ಹಾಗೂ ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಲ್ಲಿ ಅವು ನಗರದ ಮನೆಗಳನ್ನು ಪ್ರವೇಶಿಸಿದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಷರೀಫರ ಬದುಕನ್ನು ಚಲನಚಿತ್ರವಾಗಿಸಿದರು. ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗುರುವಾಗಿ ಅಭಿನಯಿಸಿದರು. 2008ರಲ್ಲಿ ರಘು ದೀಕ್ಷಿತ್ ಗಿಟಾರಿನ ಜತೆ ಅವನ್ನು ಹೊಸ ಪೀಳಿಗೆಗೆ ತಲುಪಿಸಿದರು.

ರಿಡಿಂನಲ್ಲಿ ಲಯ ಒಂದೇ ಇದ್ದು ಮಾತು ಬದಲಾಗುತ್ತದೆ. ಷರೀಫರ ವಿಷಯದಲ್ಲಿ ಮಾತು ಉಳಿದು ವಾದ್ಯ, ಕಂಠ, ಕಾಲ ಬದಲಾಗಿವೆ. ಏಕತಾರಿಯಿಂದ ಗಿಟಾರಿನವರೆಗೆ ಯಾರು ಹಾಡಿದರೂ ಆ ಪದಗಳು ಹಾಡುವವನ ಜಾತಿ ಕೇಳುವುದಿಲ್ಲ.